ಮಾರುವವನಿಗೆ ಜೈಲು, ಸೇದುವವನಿಗೆ?

ಮಣಿಪಾಲದಲ್ಲಿ ಗಾಂಜಾ ಸೇದಿದ ಯುವಕರ ಮೇಲೆ ಪ್ರಕರಣ ದಾಖಲಾದ ಸುದ್ದಿ ಉಡುಪಿ ಜಿಲ್ಲೆಗೆ ಹೊಸತಲ್ಲ. ಅದನ್ನೋದುವ ಹಿರಿಯಡ್ಕ, ಪೆರ್ಡೂರು, ಹೆಬ್ರಿಯ ಹೆತ್ತವರು ‘ಸದ್ಯ, ನಮ್ಮ ಮಗನಲ್ಲ’ ಎಂದು ನಿಟ್ಟುಸಿರು ಬಿಡುತ್ತಾರೆ. ನಾಳೆ ಅದು ನಮ್ಮ ಮಗನೇ ಆದರೆ? ಅವನನ್ನು ಠಾಣೆಗೆ ಒಪ್ಪಿಸಬೇಕೇ, ವೈದ್ಯರ ಬಳಿಗೆ ಕರೆದೊಯ್ಯಬೇಕೇ?

ನಿಷೇಧದಿಂದ ಒಳಿತಿಗಿಂತ ಕೆಡುಕೇ ಹೆಚ್ಚು, ಆದ್ದರಿಂದ ಅದನ್ನು ತೆಗೆದುಹಾಕಿ ಎನ್ನುವವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಮದ್ಯದ ವಿಷಯದಲ್ಲಿ ನಮ್ಮ ರಾಜ್ಯವು ಈ ಪ್ರಯೋಗವನ್ನು ಮಾಡಿ ನೋಡಿದೆ. 1967ರಲ್ಲಿ ಪಾನನಿಷೇಧವನ್ನು ಕೈಬಿಡಲಾಯಿತು. 2003ರಲ್ಲಿ ಸರಕಾರವು ಪಾನೀಯ ನಿಗಮವನ್ನು ಸ್ಥಾಪಿಸಿ ತಾನೇ ಮದ್ಯದ ಸಗಟು ವ್ಯಾಪಾರಿಯಾಯಿತು. ಪ್ರಜೆಯ ಚಟವು ಬೊಕ್ಕಸದ ಆಧಾರವಾದ ಬಳಿಕ ಆ ಚಟವನ್ನು ಬಿಡಿಸುವ ಆಸಕ್ತಿ ಯಾರಿಗಿರುತ್ತದೆ? 2022ರಲ್ಲಿ ಗಾಂಜಾವನ್ನು ಮುಕ್ತಗೊಳಿಸಿದ ಥಾಯ್ಲೆಂಡ್ 2025ರಲ್ಲಿ ವೈದ್ಯರ ಚೀಟಿಯನ್ನು ಕಡ್ಡಾಯಗೊಳಿಸಬೇಕಾಯಿತು.

ಹಾಗೆಂದು ಬರೀ ನಿಷೇಧ ಸಾಕೇ? 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಚಟ ನಿಲ್ಲಲಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಹಾಗೂ ನೆರೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರು ಬಡ ಕೂಲಿಕಾರರು. ಚಿಕಿತ್ಸೆ ಕೊಡದೆ ಬಾಟಲಿಯನ್ನಷ್ಟೇ ಕಸಿದುಕೊಂಡರೆ ಕೈ ವಿಷದತ್ತ ಚಾಚುತ್ತದೆ.

1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ನಿಜವಾದ ಶಿಕ್ಷೆ ಆರಂಭವಾಗುವುದು ಆ ಬಳಿಕ. ಪಾಸ್‌ಪೋರ್ಟ್ ಪರಿಶೀಲನೆ, ಕೊಲ್ಲಿಯ ಉದ್ಯೋಗ, ಮದುವೆಯ ಮಾತುಕತೆ ಎಲ್ಲೆಡೆಯೂ ಆ ಪ್ರಕರಣ ಮೊದಲೇ ಬಂದು ನಿಂತಿರುತ್ತದೆ. ಈ ಭಯದಿಂದಲೇ ಮನೆಯವರು ಕಾಯಿಲೆಯನ್ನು ಬಚ್ಚಿಡುತ್ತಾರೆ. ಬಚ್ಚಿಟ್ಟ ಕಾಯಿಲೆ ಬೆಳೆಯುತ್ತದೆ.

ಅದೇ ಕಾಯ್ದೆ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಮಾನ್ಯತೆ ಪಡೆದ ಕೇಂದ್ರದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ 64ಎ ಕಲಮು ಅವನನ್ನು ವಿಚಾರಣೆಯಿಂದ ರಕ್ಷಿಸುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಆ ರಕ್ಷಣೆ ಕಳೆದುಹೋಗಬಹುದು. ಶಿಕ್ಷೆ ವಿಧಿಸುವ ಬದಲು ಚಿಕಿತ್ಸೆಗೆ ಕಳುಹಿಸುವ ಅಧಿಕಾರವನ್ನು 39ನೇ ಕಲಮು ನ್ಯಾಯಾಲಯಕ್ಕೆ ನೀಡಿದೆ. ಬಂಧಿತನ ಹೆತ್ತವರಿಗೆ ಠಾಣೆಯಲ್ಲಿ ಹೇಳಬೇಕಾದ ಮೊದಲ ಮಾತು ಇದಲ್ಲವೇ? ಪೋರ್ಚುಗಲ್ 2001ರಿಂದ ಇದೇ ದಾರಿಯಲ್ಲಿದೆ. ಅಲ್ಲಿ ನಿಷೇಧ ಹೋಗಿಲ್ಲ, ಮಾರುವವನಿಗೆ ಜೈಲು ತಪ್ಪಿಲ್ಲ. ಸ್ವಂತ ಬಳಕೆಗೆ ಅಲ್ಪ ಪ್ರಮಾಣ ಇಟ್ಟುಕೊಂಡವನು ಮಾತ್ರ ಸೆರೆಮನೆಯ ಬದಲು ಸಮಾಲೋಚನಾ ಸಮಿತಿಯ ಮುಂದೆ ನಿಲ್ಲುತ್ತಾನೆ.

ಸರಕಾರವನ್ನಷ್ಟೇ ದೂರಿ ನಾವು ಪಾರಾಗುವಂತಿಲ್ಲ. ಮದೀನಾದಲ್ಲಿ ಮದ್ಯ ನಿಷೇಧವು ಒಂದೇ ದಿನ ಬರಲಿಲ್ಲ. ಮನಸ್ಸುಗಳನ್ನು ಹದಗೊಳಿಸುತ್ತ ಹಂತಹಂತವಾಗಿ ಬಂತು. ಆದರೆ ನಮ್ಮ ಜಮಾಅತ್‌ಗಳಲ್ಲಿ ಬಹಿಷ್ಕಾರದ ಮಾತು ಮೊದಲು ಕೇಳಿಸುತ್ತದೆ, ಚಿಕಿತ್ಸೆಯ ಮಾತು ಕೊನೆಗೆ. ಶ್ರೀಮಂತನ ಮಗ ಸದ್ದಿಲ್ಲದೆ ಆಸ್ಪತ್ರೆ ಸೇರುತ್ತಾನೆ, ಬಡವನ ಮಗನ ಹೆಸರು ಬೀದಿಗೆ ಬೀಳುತ್ತದೆ.

ನಿಷೇಧ ಉಳಿಯಲಿ, ಅದರ ಹರಿತ ಮಾರಾಟ ಜಾಲದ ಕಡೆಗಿರಲಿ. ಜಾರಿದ ಹುಡುಗನಿಗೆ ಮರಳಿ ಬರುವ ದಾರಿ ತೆರೆದಿರಲಿ. ಆ ದಾರಿಯನ್ನು ಮುಚ್ಚುವ ಕಾನೂನಾಗಲಿ, ಸಮಾಜವಾಗಲಿ ಅವನನ್ನು ಮಾರಾಟಗಾರನ ಕೈಗೇ ಮರಳಿಸುತ್ತದೆ.