ತಂಪಿನ ಜತನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಹಳೆಯ ಮನೆಯೊಂದನ್ನು ಹೊಕ್ಕವರಿಗೆ ಬೇಸಗೆಯ ಬಿಸಿಲು ಹೊಸ್ತಿಲಿನಾಚೆಯೇ ನಿಂತುಹೋದಂತೆ ತೋರುವುದುಂಟು. ಇದರಲ್ಲಿ ಮಾಯೆಯೇನೂ ಇಲ್ಲ. ಮೇಲೆ ಹೆಂಚು, ಹೆಂಚಿನ ಕೆಳಗೆ ಅಟ್ಟ, ಅಟ್ಟದ ತುಂಬ ಸಿಪ್ಪೆ ಸುಲಿಯದ ತೆಂಗಿನಕಾಯಿ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗಡಗಡನೆ ಸದ್ದು ಮಾಡುವ ಉಂಡೆಕೊಬ್ಬರಿಯಾಗುವವರೆಗೆ, ಹೆಚ್ಚುಕಡಮೆ ಒಂದು ವರ್ಷಕಾಲ, ಕಾಯಿಗಳು ಅಲ್ಲಿಯೇ ಇರುತ್ತವೆ. ಸುಡುವ ಸೂರಿಗೂ ಮಲಗುವ ಕೋಣೆಗೂ ನಡುವೆ ಅವು ದಪ್ಪನೆಯ ಕಂಬಳಿಯಿದ್ದಂತೆ. ಕೊಬ್ಬರಿಗಾಗಿ ಕಟ್ಟಿದ ಅಟ್ಟ ತಂಪನ್ನು ಬಿಟ್ಟಿಯಾಗಿ ಕೊಡುತ್ತಿತ್ತು.

ಆದರೆ ಆ ತಂಪು ಪೂರ್ತಿ ಬಿಟ್ಟಿಯದೂ ಅಲ್ಲ. ನಾಡಹೆಂಚಿನ ಸೂರನ್ನು ಮುಂಗಾರಿಗೆ ಮುನ್ನ ಕೈಯಾಡಿಸಲೇಬೇಕು. ಒಡೆದ ಹೆಂಚನ್ನು ತೆಗೆದು, ಜಾರಿದ್ದನ್ನು ಸರಿಪಡಿಸಿ, ಸಂದಿನಲ್ಲಿ ಸೇರಿದ ಕಸವನ್ನು ಗುಡಿಸಬೇಕು. ಆಳಿಗೆ ಕೊಡುವ ಕೂಲಿಯನ್ನು ಯಾವ ಯಜಮಾನನೂ ದಂಡವೆಂದು ಬಗೆಯಲಿಲ್ಲ. ಕೈಯಾಡಿಸದ ಸೂರು ಸೋರುತ್ತದೆ, ಸೋರಿದರೆ ಅಟ್ಟದ ಕಾಯಿ ಕೆಡುತ್ತದೆ ಎಂಬ ಲೆಕ್ಕ ಎಲ್ಲರಿಗೂ ತಿಳಿದದ್ದೇ.

ಈಗ ಹೆಂಚಿನ ಜಾಗದಲ್ಲಿ ತಾರಸಿ ಬಂದಿದೆ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿಯೆಲ್ಲ ಆ ಕಾವನ್ನು ಕೆಳಗಿಳಿಸುತ್ತದೆ. 2024ರ ಏಪ್ರಿಲ್ 28ರಂದು, ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೇ ಉಷ್ಣಾಂಶ 38.5 ಡಿಗ್ರಿಗೆ ಏರಿತ್ತು. ಅಂಥ ಬೇಸಗೆಗಳನ್ನು ಕಂಡ ಮೇಲೆ ಕಲ್ಪತರು ನಾಡಿನ ಮಧ್ಯಮವರ್ಗದ ಮನೆಗಳಲ್ಲಿಯೂ ಹವಾನಿಯಂತ್ರಕ ಗೋಡೆ ಏರುತ್ತಿರುವುದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ, ಸೂರಿಗೆ ವರ್ಷವರ್ಷವೂ ಸಲ್ಲುತ್ತಿದ್ದ ಜತನ ಈ ಯಂತ್ರಕ್ಕೆ ಸಲ್ಲದೆ ಹೋಗುವುದು. ಕೆಲವರು ಅದನ್ನು ಕೆಡುವವರೆಗೂ ಮುಟ್ಟುವುದಿಲ್ಲ. ಇನ್ನು ಕೆಲವರು ಮಾರಾಟಗಾರನ ಮಾತಿಗೆ ಮರುಳಾಗಿ ವರ್ಷಕ್ಕೆ ನಾಲ್ಕು ಸಲದ ಕರಾರು ಬರೆದುಕೊಡುತ್ತಾರೆ. ಎರಡೂ ನಷ್ಟದ ದಾರಿಗಳೇ.

ಯಂತ್ರದ ಸ್ವಭಾವವನ್ನು ಮೊದಲು ತಿಳಿಯುವುದು ಒಳ್ಳೆಯದು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಇಂಜಿನಿಯರು ಇದರ ಮೂಲರೂಪವನ್ನು ಯೋಜಿಸಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ. ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ತೇವದಿಂದ ಕಾಗದ ಹಿಗ್ಗಿ ಬಣ್ಣಗಳು ಕದಲುತ್ತಿದ್ದುದನ್ನು ತಡೆಯುವುದಕ್ಕಾಗಿ. ಇಂದಿಗೂ ಅದರ ಕೆಲಸ ಎರಡು: ಕೋಣೆಯ ಗಾಳಿಯಿಂದ ಶಾಖವನ್ನು ಹೀರಿ ಹೊರಕ್ಕೆ ಒಯ್ಯುವುದು, ಅದೇ ಗಾಳಿಯ ತೇವವನ್ನು ನೀರಾಗಿ ಇಳಿಸುವುದು. ಒಳಗಿನ ತಣ್ಣನೆಯ ಸುರುಳಿಗೆ ಗಾಳಿ ಧಾರಾಳವಾಗಿ ತಗುಲಬೇಕು. ಹೊರಗಿನ ಬಿಸಿ ಸುರುಳಿಯಿಂದ ಕಾವು ಧಾರಾಳವಾಗಿ ಹೊರಡಬೇಕು. ಇಳಿದ ನೀರಿಗೆ ಹರಿಯಲು ದಾರಿಯಿರಬೇಕು. ಈ ಮೂರರಲ್ಲಿ ಒಂದಕ್ಕೆ ಅಡ್ಡಿಯಾದರೂ ಯಂತ್ರ ಹೆಚ್ಚು ದುಡಿದು ಕಡಮೆ ಫಲ ಕೊಡುತ್ತದೆ.

ತೆಂಗಿನ ನಾಡಿನಲ್ಲಿ ಆ ಅಡ್ಡಿಗೆ ಬರಗಾಲವಿಲ್ಲ. ಸಿಪ್ಪೆ ಸುಲಿಯುವ ಕಣ, ನಾರಿನ ಕಾರ್ಖಾನೆ, ಬೇಸಗೆಯ ಮಣ್ಣುರಸ್ತೆ, ಇವು ಎಬ್ಬಿಸುವ ಕಂದು ಧೂಳು ಎಲ್ಲೆಲ್ಲಿಯೂ ಕೂರುತ್ತದೆ. ಅದು ಹೊರಗಿನ ಪೆಟ್ಟಿಗೆಯ ತೆಳುರೆಕ್ಕೆಗಳ ನಡುವೆ ಮೆತ್ತಿಕೊಂಡರೆ ಕಾವು ಹೊರಡದು. ಅಟ್ಟದ ಕಾಯಿಗೆ ಬರುವ ಇಲಿ ತಂತಿಯ ಹೊದಿಕೆಯನ್ನೂ ಕಡಿಯಬಲ್ಲದು.

ಜತನದಲ್ಲಿ ಮೊದಲನೆಯದು ಮನೆಯವರದೇ ಕೆಲಸ. ಒಳಗಿನ ಪೆಟ್ಟಿಗೆಯ ಮುಚ್ಚಳವನ್ನೆತ್ತಿದರೆ ಕಾಣುವ ಜಾಲರಿಯನ್ನು, ವಿದ್ಯುತ್ತನ್ನು ಆರಿಸಿ, ಹೊರತೆಗೆದು, ತಣ್ಣೀರಿನಲ್ಲಿ ತೊಳೆದು, ನೆರಳಿನಲ್ಲಿ ಆರಿಸಿ ಮತ್ತೆ ಕೂರಿಸಬೇಕು. ಯಂತ್ರ ಓಡುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡಿದರೆ ಸಾಕು. ಇದಕ್ಕೆ ತಗಲುವುದು ಕಾಲು ಗಂಟೆ, ವೆಚ್ಚ ಸೊನ್ನೆ. ಧೂಳು ಕಟ್ಟಿದ ಜಾಲರಿಯನ್ನು ಬದಲಿಸಿ ಶುಭ್ರವಾದುದನ್ನು ಹಾಕಿದರೆ ವಿದ್ಯುತ್ತಿನ ಬಳಕೆ ನೂರಕ್ಕೆ ಐದರಿಂದ ಹದಿನೈದರಷ್ಟು ಇಳಿಯಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ.

ಎರಡನೆಯದು ಕಸುಬುದಾರನ ಕೆಲಸ: ಒಳಹೊರಗಿನ ಸುರುಳಿಗಳನ್ನು ತೊಳೆಯುವುದು, ನೀರಿನ ಕೊಳವೆಯ ಪಾಚಿಯನ್ನು ತೆಗೆಯುವುದು, ತಂತಿಗಳ ಬಿಗಿಯನ್ನು ನೋಡುವುದು. ಇದಕ್ಕೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿ ಬೀಳುತ್ತದೆ. ಇಲ್ಲಿ ಪ್ರಾಮಾಣಿಕವಾಗಿ ಒಂದು ಲೆಕ್ಕ ಹಾಕಬೇಕು. ಯಂತ್ರ ಏಪ್ರಿಲ್, ಮೇ ಎರಡು ತಿಂಗಳು, ದಿನಕ್ಕೆ ನಾಲ್ಕು ಗಂಟೆ, ಗಂಟೆಗೆ ಒಂದು ಯೂನಿಟ್ಟಿನಂತೆ ಓಡಿತೆನ್ನೋಣ. ಒಟ್ಟು 240 ಯೂನಿಟ್. ಕೊಳೆಯಿಂದ ಹತ್ತನೆಯ ಒಂದು ಪಾಲು ಹೆಚ್ಚು ಖರ್ಚಾದರೆ 24 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಎಂದು ಹಿಡಿದರೆ 144 ರೂಪಾಯಿ. ವಿದ್ಯುತ್ತಿನ ಉಳಿತಾಯವೊಂದರಿಂದಲೇ ಕಸುಬುದಾರನ ಕೂಲಿ ಹುಟ್ಟುತ್ತದೆಂಬ ಮಾತು ವರ್ಷವಿಡೀ ಯಂತ್ರ ಓಡಿಸುವ ಊರಿಗೆ ಸಲ್ಲಬಹುದು. ಎರಡು ತಿಂಗಳ ಸೆಕೆಯ ತಿಪಟೂರಿಗೆ ಸಲ್ಲದು.

ಆದರೆ ಈ ಲೆಕ್ಕಕ್ಕೆ ಒಂದು ತಿರುವುಂಟು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ, ಹಿಂದಿನ ವರ್ಷದ ಸರಾಸರಿಯ ಮೇಲೆ ನೂರಕ್ಕೆ ಹತ್ತು ಸೇರಿಸಿ ಪ್ರತಿ ಮನೆಗೂ ಉಚಿತ ಪ್ರಮಾಣ ನಿಗದಿಯಾಯಿತು. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಹಣ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲಿಗೇ ಹಣ. ತಿಂಗಳಿಗೆ 70 ಯೂನಿಟ್ಟಿನ ಮನೆಯೊಂದಕ್ಕೆ 77 ಉಚಿತ. ಆ ಮನೆಯ ಹವಾನಿಯಂತ್ರಕ 120 ಯೂನಿಟ್ ಬೇಡಿದರೆ ಒಟ್ಟು 190. ಹಣ ತೆರಬೇಕಾದುದು 113 ಯೂನಿಟ್ಟಿಗೆ, ಎಂದರೆ 678 ರೂಪಾಯಿ. ಅದೇ ಯಂತ್ರ ಕೊಳೆಯಿಂದಾಗಿ 132 ಬೇಡಿದರೆ ಒಟ್ಟು 202. ಆಗ ಅಷ್ಟಕ್ಕೂ ತೆತ್ತು 1212 ರೂಪಾಯಿ. ಹನ್ನೆರಡು ಯೂನಿಟ್ಟಿನ ಧೂಳು ಒಂದೇ ತಿಂಗಳಲ್ಲಿ ಐನೂರಕ್ಕೂ ಹೆಚ್ಚು ರೂಪಾಯಿಯನ್ನು ನುಂಗಿತು! ಗಡಿಯ ಹತ್ತಿರ ನಡೆಯುವ ಸಂಸಾರಕ್ಕೆ ಜಾಲರಿ ತೊಳೆಯುವ ಕಾಲು ಗಂಟೆ ದೊಡ್ಡ ಸಂಪಾದನೆಯೇ ಸರಿ.

ಕಸುಬುದಾರನ ಕೂಲಿಯ ನಿಜವಾದ ಪ್ರತಿಫಲವಿರುವುದು ಬೇರೆಡೆ. ಕಟ್ಟಿದ ಕೊಳವೆಯ ನೀರು ಗೋಡೆಗಿಳಿದರೆ ಸುಣ್ಣಬಣ್ಣದ ಖರ್ಚು. ಸಡಿಲವಾದ ತಂತಿ ಕಾದರೆ ಬೆಂಕಿಯ ಭಯ. ಕಾವು ಹೊರಡದೆ ಸಂಪೀಡಕ ಸುಟ್ಟರೆ ಸಾವಿರಗಟ್ಟಲೆ ರೂಪಾಯಿ. ಆದುದರಿಂದ ಬೇಸಗೆಗೆ ಮುನ್ನ, ಫೆಬ್ರವರಿ ಮಾರ್ಚಿಯಲ್ಲಿ, ವರ್ಷಕ್ಕೊಮ್ಮೆ ಕಸುಬುದಾರನನ್ನು ಕರೆಸುವುದು ವಿವೇಕ. ನಾರಿನ ಕಾರ್ಖಾನೆಯ ನೆರೆಯಲ್ಲಿರುವವರು ಮತ್ತೊಮ್ಮೆ ಕರೆಸಬಹುದು. ನಾಲ್ಕು ಸಲ ಕರೆಸುವುದು ಎರಡು ತಿಂಗಳು ಓಡುವ ಯಂತ್ರಕ್ಕೆ ಅತಿ ಉಪಚಾರ.

ಮೂರನೆಯದಾದ 'ಗ್ಯಾಸ್ ತುಂಬಿಸುವ' ಮಾತಿನಲ್ಲಿ ಗೃಹಸ್ಥರು ಹೆಚ್ಚು ಎಚ್ಚರದಿಂದಿರಬೇಕು. ಆ ಅನಿಲ ದೀಪದ ಎಣ್ಣೆಯಂತೆ ಉರಿದು ಮುಗಿಯುವುದಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುವುದು. ಅದು ಕಡಮೆಯಾಗಿದ್ದರೆ ಎಲ್ಲಿಯೋ ಸೋರಿಕೆಯಿದೆ ಎಂದೇ ಅರ್ಥ. ಸೋರಿಕೆಯನ್ನು ಹುಡುಕಿ ಮುಚ್ಚದೆ ವರ್ಷವರ್ಷವೂ ತುಂಬಿಸುವುದು ತೂತಿನ ಕೊಡಕ್ಕೆ ನೀರು ಸೇದಿದಂತೆ. ಹಳೆಯ ಯಂತ್ರಗಳ ಆರ್-22 ಅನಿಲ ಓಜೋನ್ ಪದರಕ್ಕೆ ಕೇಡುಂಟುಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಹಿಂದೆ ಸರಿಯುತ್ತಿದೆ. ಹೊಸವುಗಳಲ್ಲಿ ಬಹಳವಾಗಿ ಕಾಣುವ ಆರ್-32 ತುಸುಮಟ್ಟಿಗೆ ಹೊತ್ತಿಕೊಳ್ಳುವಂಥದು. ಇದು ಅರಿತವರ ಕೈಗೆ ಬಿಡಬೇಕಾದ ಕೆಲಸ. 'ಎಲ್ಲಿ ಸೋರುತ್ತಿದೆ, ತೋರಿಸಿ' ಎಂದು ಕೇಳುವ ಹಕ್ಕು ಮಾತ್ರ ಹಣ ಕೊಡುವವರದು.

ತೆಂಗು ಬೆಳೆಯುವವರಿಗೆ ಇದೊಂದೂ ಹೊಸ ನೀತಿಯಲ್ಲ. ಗೊನೆ ಇಳಿಸಲು ಮರವೇರಿದವನು ಸುಳಿಯನ್ನೂ ನೋಡುತ್ತಾನೆ. ಕೊಂಬಿನ ದುಂಬಿ ಕೊರೆದಿದ್ದರೆ ಕೊಕ್ಕೆಯಿಂದ ಎಳೆದು ತೆಗೆಯುತ್ತಾನೆ. ಸುಳಿ ಬಾಡಿದ ಮೇಲೆ ಬುಡಕ್ಕೆ ಎಷ್ಟು ಗೊಬ್ಬರ ಸುರಿದರೇನು? ದಿನವೂ ಮರವೇರುವುದು ಹುಚ್ಚು. ಎಂದೂ ಏರದಿರುವುದು ಸೋಮಾರಿತನ. ಹೊತ್ತು ನೋಡಿ ಏರುವುದೇ ಬೇಸಾಯ. ಮರಕ್ಕೂ ಸೂರಿಗೂ ಸಲ್ಲುತ್ತ ಬಂದ ಆ ಹಳೆಯ ಎಚ್ಚರ ಗೋಡೆಯ ಮೇಲಿನ ಯಂತ್ರಕ್ಕೂ ಸಂದರೆ, ಬೇಸಗೆಯ ರಾತ್ರಿಗಳಲ್ಲಿ ಮನೆಯ ಹಿರಿಯರಿಗೂ ಮಕ್ಕಳಿಗೂ ಒಳ್ಳೆಯ ನಿದ್ರೆ. ತಿಂಗಳ ಬಿಲ್ಲು ಬಂದಾಗ ಯಜಮಾನನಿಗೂ ನಿದ್ರೆ.