ಅಂಜಬ್ಯಾಡ ಅನ್ನೋದು ಔಷಧಿ ಅಲ್ಲ

ಬ್ಲಾಗಿನ ಕಡೆ ತಲೆ ಹಾಕಿ ನಾಲ್ಕು ತಿಂಗಳಾಯಿತು. ರಿಲೀಸು, ಆನ್‌ಕಾಲು ಅಂತ ನೆಪ ಹೇಳಬಹುದು. ಹೇಳುವುದಿಲ್ಲ, ಸೋಮಾರಿತನ ಅಷ್ಟೇ. ಇವತ್ತು ಬರೆಯಲು ಕೂತಿದ್ದಕ್ಕೆ ಕಾರಣ ಒಂದು ಹಲ್ಲು. ನಗಬೇಡಿ :-) ಬರೆಯುತ್ತಾ ಹೋದಂತೆ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಹೋದ ತಿಂಗಳು ಬೆಂಗಳೂರಿನಲ್ಲಿ ನನ್ನ ಬುದ್ಧಿ ಹಲ್ಲು ಕೀಳಿಸಿಕೊಂಡೆ. ಕುರ್ಚಿ ಹತ್ತುವ ಮೊದಲೇ ರಿಸೆಪ್ಷನ್ನಿನ ಹುಡುಗಿ ಒಂದು ಹಾಳೆ ಕೊಟ್ಟಳು. ಅದರಲ್ಲಿ ಐದೇ ಪ್ರಶ್ನೆ. ನಾಳೆ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು ಅಂದರೆ ನಿಮಗೆ ಹೇಗನ್ನಿಸುತ್ತದೆ? ಹೊರಗೆ ಕಾಯುತ್ತಾ ಕೂತಾಗ? ಡ್ರಿಲ್ ಮಾಡುವಾಗ? ಹಲ್ಲು ಕ್ಲೀನ್ ಮಾಡುವಾಗ? ಒಸಡಿಗೆ ಇಂಜೆಕ್ಷನ್ ಕೊಡುವಾಗ? ಪ್ರತಿಯೊಂದಕ್ಕೂ 'ಏನೂ ಭಯ ಇಲ್ಲ' ಎಂಬಲ್ಲಿಂದ 'ವಿಪರೀತ ಭಯ' ಎಂಬಲ್ಲಿಯವರೆಗೆ ಐದು ಉತ್ತರ, ಒಂದಕ್ಕೆ ಟಿಕ್ ಹಾಕಬೇಕು. ನಾನು ಮೂರಕ್ಕೆ 'ವಿಪರೀತ' ಅಂತ ಹಾಕಿದೆ. ಡಾಕ್ಟರು ನೋಡಿ ನಗಲಿಲ್ಲ. "ಮೂಗಿಗೆ ಗ್ಯಾಸ್ ಕೊಟ್ಟು ಮಾಡೋಣ, ಎಚ್ಚರ ಇರುತ್ತೀರಿ, ಭಯ ಇಳಿಯುತ್ತದೆ" ಅಂದರು. ಹಾಗೇ ಆಯಿತು. ಮರುದಿನ ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮಾಡಿದೆ.

ಕೌಂಟರಿನಲ್ಲಿ ದುಡ್ಡು ಕಟ್ಟುವಾಗ ಅವ್ವನ ನೆನಪಾಯಿತು. ಸಿಟ್ಟು ಬಂದದ್ದು ಅಲ್ಲೇ.

ನಮ್ಮೂರು ತಿಂಥಣಿ. ಸುರಪುರ ದಾಟಿ ಲಿಂಗಸುಗೂರಿನ ಕಡೆ ಹೋಗಿದ್ದರೆ ಕೃಷ್ಣಾ ನದಿಯ ಬ್ರಿಜ್ ನೋಡಿರುತ್ತೀರಿ, ಮೌನೇಶ್ವರನ ಗುಡಿಯ ಹೆಸರಾದರೂ ಕೇಳಿರುತ್ತೀರಿ. 2011ರ ಬೇಸಿಗೆ, ನಾನು ಎಂಟನೇ ಇಯತ್ತೆ ಮುಗಿಸಿದ್ದೆ. ಅವ್ವನ ಕೆಳಗಿನ ದವಡೆ ಹಲ್ಲು ಬಾತು ಗಲ್ಲ ಊದಿತ್ತು. ಲವಂಗ ಇಟ್ಟಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು, ಯಾರೋ ಹೇಳಿದರು ಅಂತ ಹೊಗೆಸೊಪ್ಪು ಕೂಡ ಇಟ್ಟುಕೊಂಡಳು. ಕೊನೆಗೆ ಅಪ್ಪ ಹತ್ತಿರದ ಪಟ್ಟಣದ ಒಂದು ಕ್ಲಿನಿಕ್ಕಿಗೆ ಕರಕೊಂಡು ಹೋದರು. ನಾನೂ ಜೊತೆಗಿದ್ದೆ.

ಇಂಜೆಕ್ಷನ್ ಕೊಟ್ಟ ಎರಡೇ ನಿಮಿಷಕ್ಕೆ ಇಕ್ಕಳ ಬಾಯಿಗೆ ಬಂತು. ಅವ್ವ ಚೀರಿದಳು. "ಇಂಜೆಕ್ಷನ್ ಆಗ್ಯಾದ, ನೋವಾಗಂಗಿಲ್ಲ, ನಾಟಕ ಮಾಡಬ್ಯಾಡ" ಅಂದ ಡಾಕ್ಟರ ದನಿ ಇನ್ನೂ ಕಿವಿಯಲ್ಲಿದೆ. ಕಾಂಪೌಂಡರ್ ತಲೆ ಹಿಡಿದ, ಅಪ್ಪ ಕೈ ಹಿಡಿದರು. "ಅಂಜಬ್ಯಾಡ, ಅಂಜಬ್ಯಾಡ" ಅಂತ ಎಲ್ಲರೂ ಹೇಳುತ್ತಲೇ ಇದ್ದರು. ಹಲ್ಲು ಅರ್ಧಕ್ಕೆ ಮುರಿಯಿತು, ಬೇರು ಒಳಗೇ ಉಳಿಯಿತು.

ಆಮೇಲೆ ಹನ್ನೆರಡು ವರ್ಷ ಅವ್ವ ಯಾವ ಹಲ್ಲಿನ ಡಾಕ್ಟರ ಮುಂದೆಯೂ ಬಾಯಿ ತೆರೆಯಲಿಲ್ಲ. ಒಂದೇ ಕಡೆ ಅಗಿದಳು. ಖಡಕ್ ರೊಟ್ಟಿ ಬಿಟ್ಟಳು, ಮೆತ್ತನೆ ರೊಟ್ಟಿಯನ್ನೂ ಸಾರಿನಲ್ಲಿ ನೆನೆಸಿ ತಿಂದಳು. ನಾವು ಅದನ್ನು ವಯಸ್ಸು ಅಂದುಕೊಂಡೆವು. ಅವಳಿಗೆ ಆಗ ಐವತ್ತೂ ಆಗಿರಲಿಲ್ಲ! 2023ರಲ್ಲಿ ಕೀವು ದವಡೆಯಿಂದ ಕೊರಳಿಗೆ ಇಳಿಯಿತು. ಬಾಯಿ ತೆರೆಯಲಾಗಲಿಲ್ಲ, ನೀರು ನುಂಗಲಾಗಲಿಲ್ಲ. ಕಲಬುರಗಿಯಲ್ಲಿ ಆರು ದಿನ ಆಸ್ಪತ್ರೆ, ಗದ್ದದ ಕೆಳಗೆ ಕೊಯ್ದು ಕೀವು ತೆಗೆದರು. ಉಸಿರಿನ ದಾರಿಗೆ ಬಾವು ಬಂದಿದ್ದರೆ ಉಳಿಯುತ್ತಿರಲಿಲ್ಲ ಅಂತ ಆಮೇಲೆ ಹೇಳಿದರು. ಮೊದಲೇ ಯಾಕೆ ತೋರಿಸಲಿಲ್ಲ ಅಂತ ನಾನು ಸಿಡುಕಿದ್ದಕ್ಕೆ ಅವ್ವ ಹೇಳಿದ್ದು ಒಂದೇ ಮಾತು: "ಯಪ್ಪಾ, ಸಾಯೂದಾದ್ರ ಸಾಯ್ತೀನಿ, ಆ ಕುರ್ಚಿ ಮ್ಯಾಲ ಕುಂದ್ರಂಗಿಲ್ಲ."

ಈಗ ಹೇಳಿ ಸ್ವಾಮಿ, ಅವ್ವ ಹೇಡಿಯೇ? ಮನೆಯಲ್ಲೇ ಮೂರು ಹೆತ್ತವಳು. ಭತ್ತದ ಗದ್ದೆಯಲ್ಲಿ ಹಾವು ಹೊಡೆದವಳು.

ಅವತ್ತು ಅವಳು ನಾಟಕ ಮಾಡಿರಲಿಲ್ಲ ಅನ್ನುವುದು ನನಗೆ ತಿಳಿದದ್ದು ಹೋದ ತಿಂಗಳು. ಕೀವು ತುಂಬಿದ ಜಾಗದಲ್ಲಿ ಆಮ್ಲದ ಅಂಶ ಹೆಚ್ಚಿರುತ್ತದೆ, ಅಲ್ಲಿ ಲಿಗ್ನೊಕೇನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೆಳದವಡೆಯ ಹಿಂದಿನ ಹಲ್ಲಿಗೆ ನರದ ಬುಡಕ್ಕೇ ಇಂಜೆಕ್ಷನ್ ಕೊಡಬೇಕು, ಅದು ಏರಲು ಹಲವು ನಿಮಿಷ ಕಾಯಬೇಕು. ಅನುಭವಿಗಳು ಕೊಟ್ಟರೂ ಒಮ್ಮೊಮ್ಮೆ ತಾಗುವುದಿಲ್ಲ. ಆಗ ಇನ್ನೊಂದು ಕಡೆ ಕೊಡಬೇಕು, ಇಲ್ಲ ಮೊದಲು ಬಾವು ಇಳಿಸಿ ಇನ್ನೊಂದು ದಿನ ಕರೆಯಬೇಕು. ಇದು ಡೆಂಟಲ್ ಓದಿದ ಎಲ್ಲರಿಗೂ ಗೊತ್ತಿರುವ ಪಾಠ. ನಮ್ಮ ಧಂದೆಯಲ್ಲಿ ಒಂದು ಕೆಟ್ಟ ಚಾಳಿ ಇದೆ: ಬಗ್ ನಮ್ಮ ಕೋಡಿನಲ್ಲಿದ್ದರೂ 'ಯೂಸರ್ ತಪ್ಪು' ಅಂತ ಬರೆದು ಟಿಕೆಟ್ ಮುಚ್ಚುವುದು. ಅವ್ವನಿಗೆ ಮಾಡಿದ್ದು ಅದನ್ನೇ. ಔಷಧಿ ತಾಗಲಿಲ್ಲ, ತಪ್ಪು ಅವಳ ಧೈರ್ಯದ್ದಾಯಿತು!

ಈ 'ನಾಟಕ'ದ ಮಾತಿಗೆ ಹಳೆಯ ಇತಿಹಾಸವೇ ಇದೆ. ಅರಿವಳಿಕೆ ಅನ್ನುವ ವಿದ್ಯೆ ಹೊರಜಗತ್ತಿಗೆ ಬಂದದ್ದೇ ಹಲ್ಲಿನ ಡಾಕ್ಟರಿಂದ. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯ ನಗೆಅನಿಲದ ಪ್ರದರ್ಶನ ನೋಡಲು ಹೋದ. ಅನಿಲ ಸೇದಿದವನೊಬ್ಬ ಕಾಲಿಗೆ ಗಾಯ ಮಾಡಿಕೊಂಡರೂ ನೋವು ಗೊತ್ತಾಗಲಿಲ್ಲ ಅಂದದ್ದು ಅವನ ತಲೆಗೆ ಹೊಕ್ಕಿತು. ಮರುದಿನವೇ ತಾನು ಆ ಅನಿಲ ಸೇದಿ ತನ್ನದೇ ಹಲ್ಲು ಕೀಳಿಸಿಕೊಂಡ. 1845ರಲ್ಲಿ ಬಾಸ್ಟನ್ನಿನ ವೈದ್ಯರ ಮುಂದೆ ತೋರಿಸಲು ಹೋದಾಗ ರೋಗಿ ಕೂಗಿಬಿಟ್ಟ. ನೆರೆದವರು ಮೋಸ ಅಂತ ಗೇಲಿ ಮಾಡಿದರು. ಮರುವರ್ಷ, 1846ರ ಅಕ್ಟೋಬರ್ 16ರಂದು, ಅದೇ ಊರಿನಲ್ಲಿ ಮಾರ್ಟನ್ ಎಂಬ ಇನ್ನೊಬ್ಬ ದಂತವೈದ್ಯ ಈಥರ್ ಕೊಟ್ಟು ಗೆದ್ದ. 180 ವರ್ಷ ಆಯಿತು. ಅಂದು ಕೂಗಿದವನಿಗೆ ಆದದ್ದೇ 2011ರಲ್ಲಿ ನಮ್ಮ ಅವ್ವನಿಗೂ ಆಯಿತು.

ಭಯಕ್ಕೆ ಏನೇನು ದಾರಿ ಇದೆ? ನಮಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಬರೆಯುತ್ತೇನೆ. ಒಂದು ಮಾತು ಮೊದಲು: ಜಾಗ ಮರಗಟ್ಟಿಸುವುದು ಬೇರೆ, ಮನಸ್ಸಿನ ಭಯ ಇಳಿಸುವುದು ಬೇರೆ. ಎರಡನೆಯದು ಸೆಡೇಷನ್. ಅದು ಇದ್ದರೂ ಹಲ್ಲಿನ ಇಂಜೆಕ್ಷನ್ ಸಾಮಾನ್ಯವಾಗಿ ಬೇಕೇ ಬೇಕು.

ಗ್ಯಾಸು: ನೈಟ್ರಸ್ ಆಕ್ಸೈಡು ಮತ್ತು ಆಮ್ಲಜನಕ ಬೆರೆಸಿ ಮೂಗಿನ ಮಾಸ್ಕಿನಿಂದ ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ಏರುತ್ತದೆ. ಮುಗಿದ ಮೇಲೆ ಬರೀ ಆಮ್ಲಜನಕ ಕೊಟ್ಟರೆ ಬೇಗ ಇಳಿಯುತ್ತದೆ. ಮಾತಾಡಿಸಿದರೆ ಉತ್ತರ ಕೊಡಬಹುದು. ನನಗಂತೂ ಕೈಕಾಲು ಹಗುರಾಗಿ, ಡ್ರಿಲ್ಲಿನ ಸದ್ದು ಪಕ್ಕದ ಮನೆಯದು ಅನ್ನಿಸಿತ್ತು. ಮೂಗು ಕಟ್ಟಿದವರಿಗೆ, ಬಸುರಿನ ಮೊದಲ ತಿಂಗಳುಗಳಲ್ಲಿ ಇದು ಬೇಡ.

ಮಾತ್ರೆ: ಡಯಾಜೆಪಾಮ್ ಜಾತಿಯವು. ಡಾಕ್ಟರು ನಿಮ್ಮ ಬೇರೆ ಕಾಯಿಲೆ, ಔಷಧಿ ಕೇಳಿಕೊಂಡೇ ಬರೆದುಕೊಡಬೇಕು. ಕುಡಿದು ನುಂಗುವ ಹಾಗಿಲ್ಲ, ನುಂಗಿ ಬೈಕ್ ಓಡಿಸುವ ಹಾಗಿಲ್ಲ, ಜೊತೆಗೆ ಒಬ್ಬರು ಬರಲೇಬೇಕು.

ರಕ್ತನಾಳಕ್ಕೆ ಕೊಡುವ ಮಿಡಾಜೋಲಾಮ್: ಮಂಪರು ಹೆಚ್ಚು, ನಡೆದದ್ದು ಬಹಳಷ್ಟು ಜನರಿಗೆ ನೆನಪೇ ಉಳಿಯುವುದಿಲ್ಲ. ಆದರೆ ಉಸಿರು, ನಾಡಿ, ರಕ್ತದ ಆಮ್ಲಜನಕ ನೋಡುತ್ತಾ ಕೂರಲು ತರಬೇತಿಯಾದ ಇನ್ನೊಬ್ಬರು ಬೇಕು. ನಮ್ಮಲ್ಲಿ ಹೆಚ್ಚಾಗಿ ಅರಿವಳಿಕೆ ತಜ್ಞರನ್ನು ಕರೆಸುತ್ತಾರೆ. ಕೊನೆಯದು ಪೂರ್ತಿ ಅರಿವಳಿಕೆ. ಅದು ಆಪರೇಷನ್ ಥಿಯೇಟರಿನ ಕೆಲಸ. ತೀರಾ ಸಣ್ಣ ಮಕ್ಕಳಿಗೆ, ಕುರ್ಚಿಯಲ್ಲಿ ಕೂರಲಾಗದ ವಿಶೇಷ ಚೇತನರಿಗೆ ಅದೇ ಸರಿ ಆಗಬಹುದು.

ಈ ಪಟ್ಟಿ ಓದಿ 'ಅದೆಲ್ಲ ದುಡ್ಡಿದ್ದವರಿಗೆ' ಅನ್ನುವವರು ಇರುತ್ತಾರೆ. ನಿಜ, ಗ್ಯಾಸಿನ ಯಂತ್ರ ಸುರಪುರದ ಪ್ರತಿ ಓಣಿಗೂ ಬರಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಇದು ಸ್ಪೇಸ್ ಶಟಲ್ಲೂ ಅಲ್ಲ. ನೈಟ್ರಸ್ ಸಿಲಿಂಡರುಗಳು ಆಪರೇಷನ್ ಥಿಯೇಟರುಗಳಿಗೆ ಹಳೆಯ ಪರಿಚಯ. ಕಲಬುರಗಿ, ರಾಯಚೂರುಗಳಲ್ಲಿ ಡೆಂಟಲ್ ಕಾಲೇಜುಗಳಿವೆ. ಯಾದಗಿರಿ 2010ರಿಂದ ಜಿಲ್ಲೆಯಾಗಿದೆ. ಜಿಲ್ಲೆಗೊಂದು ಕಡೆ, ವಾರಕ್ಕೊಂದು ದಿನ 'ಭಯ ಇರುವವರ ದಿನ' ಇಟ್ಟು, ಅವತ್ತು ಅರಿವಳಿಕೆಯವರನ್ನು ಕೂರಿಸಿದರೆ ಆಕಾಶ ಕಳಚಿ ಬೀಳುತ್ತದೆಯೇ? 2014ರಲ್ಲಿ ನಮ್ಮ ಸರಕಾರ ದಂತ ಭಾಗ್ಯ ತಂದಿತು, ಹಲ್ಲು ಕಳಕೊಂಡ ಬಡ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್. ಒಳ್ಳೆಯದೇ. ಆದರೆ ಎಲ್ಲ ಹಲ್ಲು ಹೋದ ಮೇಲೆ ಭಾಗ್ಯ ಕೊಡುವ ನಾವು, ಇರುವ ಹಲ್ಲು ತೋರಿಸಲು ಅಂಜುವವರನ್ನು ಒಂದು ಮಾತೂ ಕೇಳುವುದಿಲ್ಲವಲ್ಲ!

'ಸೆಡೇಷನ್ ಅಪಾಯ ಅಲ್ಲವೇ' ಅನ್ನುವುದು ಇನ್ನೊಂದು ಪ್ರಶ್ನೆ. ಹೌದು, ಗಮನವಿಲ್ಲದೆ ಕೊಟ್ಟರೆ ಅಪಾಯವೇ. ಅದಕ್ಕೇ, ಬೆಂಗಳೂರಿನಲ್ಲಿ 'ನಿದ್ದೆಯಲ್ಲೇ ಹೊಸ ನಗು' ಅಂತ ಪ್ಯಾಕೇಜು ಮಾರುವವರನ್ನು ಕಂಡರೂ ನನಗೆ ಆಗುವುದಿಲ್ಲ. ಯಾರು ಕೊಡುತ್ತಾರೆ, ಯಾರು ನೋಡಿಕೊಳ್ಳುತ್ತಾರೆ, ಉಸಿರು ಕಡಿಮೆಯಾದರೆ ಆಮ್ಲಜನಕ ಎಲ್ಲಿದೆ, ಈ ಮೂರು ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡದವರ ಕಡೆ ಹೋಗಬೇಡಿ. ಆದರೆ ಭಯದಿಂದ ಹನ್ನೆರಡು ವರ್ಷ ಕೀವು ಬೆಳೆಸುವುದು ಅಪಾಯ ಅಲ್ಲವೇ? ಆ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಭಯದಿಂದ ಮುಂದೂಡುತ್ತೀರಿ, ಮುಂದೂಡಿದಷ್ಟೂ ಹಲ್ಲು ಕೆಡುತ್ತದೆ, ಕೆಟ್ಟಷ್ಟೂ ಚಿಕಿತ್ಸೆ ದೊಡ್ಡದಾಗುತ್ತದೆ, ಅದನ್ನು ಕೇಳಿ ಭಯ ಇನ್ನೂ ಹೆಚ್ಚುತ್ತದೆ. ಇನ್ಫೈನೈಟ್ ಲೂಪು!

ಮೂರನೆಯದು ನಮ್ಮ ಕಡೆಯವರದ್ದೇ ಮಾತು: 'ನಮ್ಮ ಮಂದಿ ಗಟ್ಟಿ, ತಡಕೋತಾರ.' ಇದು ಹೊಗಳಿಕೆ ಅಲ್ಲ ಕಣ್ರೀ, ಕೈ ತೊಳಕೊಳ್ಳುವ ಉಪಾಯ. ನಮ್ಮೂರ ದೇವರ ಹೆಸರಲ್ಲೇ ಮೌನ ಇದೆ. ಹಿಂದೂಗಳಿಗೆ ಮೌನೇಶ್ವರ, ಮುಸಲ್ಮಾನರಿಗೆ ಮೌನುದ್ದೀನ. ಆ ಮೌನ ಅವನು ತಾನಾಗಿ ಆರಿಸಿಕೊಂಡದ್ದು. ತಲೆ ಹಿಡಿದು, ಕೈ ಹಿಡಿದು ಮಾಡಿಸುವ ಮೌನ ಬೇರೆ.

ಹಾಗಾದರೆ ನಾನು ಕೇಳುವುದೇನು? ಬಿಪಿ ಇದೆಯಾ, ಶುಗರ್ ಇದೆಯಾ ಅಂತ ಕೇಳುವ ಹಾಗೆ 'ಭಯ ಇದೆಯಾ' ಅಂತಲೂ ಕೇಳಿ. ನಾರ್ಮನ್ ಕೋರಾ ಎಂಬವರು 1969ರಲ್ಲೇ ನಾಲ್ಕು ಪ್ರಶ್ನೆಯ ಅಳತೆಗೋಲು ಮಾಡಿಟ್ಟಿದ್ದಾರೆ, 1995ರಲ್ಲಿ ಇಂಜೆಕ್ಷನ್ನಿನದೂ ಸೇರಿ ಐದಾಯಿತು. ಅದನ್ನು ಕನ್ನಡದಲ್ಲಿ ಕೇಳಲು ಐದು ನಿಮಿಷ ಸಾಕು. ಇಂಜೆಕ್ಷನ್ ಕೊಟ್ಟ ಮೇಲೆ ಕಾಯಿರಿ, ಮುಟ್ಟಿ ಪರೀಕ್ಷಿಸಿ. ರೋಗಿ ಕೈ ಎತ್ತಿದರೆ ನಿಲ್ಲಿಸಿ. ನೋವು ಅಂದರೆ ನಂಬಿ. ಇಷ್ಟಕ್ಕೆ ಯಂತ್ರ ಬೇಡ, ಬಜೆಟ್ ಬೇಡ. ಇಷ್ಟೂ ಸಾಲದಿದ್ದಾಗ 'ಇಂಥ ದಾರಿಗಳಿವೆ, ಇಂಥಲ್ಲಿ ಸಿಗುತ್ತದೆ' ಅಂತ ಬಾಯಿಬಿಟ್ಟು ಹೇಳಿ. ಅದು ರೋಗಿಯ ಹಕ್ಕು, ಡಾಕ್ಟರ ಉಪಕಾರ ಅಲ್ಲ.

ಹೋದ ವಾರ ಊರಿಗೆ ಹೋಗಿ ಅವ್ವನನ್ನು ಒಂದು ಡೆಂಟಲ್ ಕಾಲೇಜಿಗೆ ಕರಕೊಂಡು ಹೋದೆ. ಒಪ್ಪಿಸಲು ಎರಡು ದಿನ ಹಿಡಿಯಿತು. "ಬರೇ ಮಾತಾಡಿ ಬರೂಣಬೇ, ಬಾಯಿ ತಗಿಯೂದೇ ಬ್ಯಾಡ" ಅಂದಿದ್ದೆ. ಅಲ್ಲಿ ಪಿಜಿ ಓದುತ್ತಿದ್ದ ಒಬ್ಬ ಹುಡುಗಿ, ನನಗಿಂತ ಸಣ್ಣವಳು, ಇಕ್ಕಳ ಮುಟ್ಟದೆ ಮೊದಲು 2011ರ ಕಥೆಯನ್ನು ಪೂರ್ತಿ ಕೇಳಿದಳು. "ಕೈ ಎತ್ತಿದ್ರ ನಾ ನಿಲ್ಲಿಸ್ತೀನಿ ಅಮ್ಮಾ" ಅಂದಳು. ಅವ್ವ ಮೂರು ಸಲ ಕೈ ಎತ್ತಿದಳು. ಮೊದಲನೆಯ ಸಲ ನೋವೇ ಇರಲಿಲ್ಲವಂತೆ, ನಿಲ್ಲಿಸುತ್ತಾಳೋ ಇಲ್ಲವೋ ನೋಡಲು! ನಿಲ್ಲಿಸಿದಳು. ಮೂರು ಸಲವೂ ನಿಲ್ಲಿಸಿದಳು. ಹನ್ನೆರಡು ವರ್ಷ ಕಾಡಿದ ಆ ಹಳೆಯ ಬೇರು, ಕಲಬುರಗಿಯ ಕೊಯ್ತದ ನಂತರವೂ ಮುಟ್ಟಲು ಬಿಡದೆ ಉಳಿಸಿಕೊಂಡಿದ್ದದ್ದು, ಅವತ್ತು ಹೊರಗೆ ಬಂತು.

ಇನ್ನೊಂದು ಹಲ್ಲು ಬಾಕಿ ಇದೆ, ಅದು ಆಳದ್ದು. ಅದಕ್ಕೆ ಅವ್ವ ಒಲ್ಲೆ ಅಂದಳು. ಆ ಹುಡುಗಿ ಬೈಯಲಿಲ್ಲ, ಅರಿವಳಿಕೆಯವರು ಬರುವ ದಿನ ನೋಡಿ ಮಂಪರಿನಲ್ಲಿ ಮಾಡೋಣ ಅಂತ ತಾರೀಖು ಬರೆದುಕೊಟ್ಟಳು. ಬಸ್ಸಿನಲ್ಲಿ ಅವ್ವ ಆ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡಳು. "ಹೋಗೂಣಲ್ಲಾ?" ಅಂದೆ. "ನೋಡೂಣ" ಅಂದಳು. ಹನ್ನೆರಡು ವರ್ಷ 'ಇಲ್ಲ' ಕೇಳಿದ ನನಗೆ 'ನೋಡೂಣ' ದೊಡ್ಡ ಮಾತು.

ಗೆಳೆಯರೇ, ಈ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಊಟಕ್ಕೆ ಕೂತಾಗ ಅಪ್ಪ ಅಮ್ಮ ಯಾವ ಕಡೆ ಅಗಿಯುತ್ತಾರೆ ನೋಡಿ. ಒಂದೇ ಕಡೆ ಆದರೆ, ವಯಸ್ಸು ಅಂದುಕೊಳ್ಳದೆ ಯಾಕೆ ಅಂತ ಕೇಳಿ. ಉತ್ತರ ಏನು ಬಂತು ಅಂತ ಇಲ್ಲಿ ಬರೆಯಿರಿ, ನಾನು ಓದುತ್ತೇನೆ. 'ಅಂಜಬ್ಯಾಡ' ಅಂತ ಮಾತ್ರ ಹೇಳಬೇಡಿ.