ಹಳೆಯ ಯಂತ್ರಗಳ ಪಾಲನೆಯೂ ಗಂಟೆಯ ಲೆಕ್ಕವೂ

ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರ ಹೋಬಳಿಯಲ್ಲಿಯೂ ನೆರೆಯ ಹುಮನಾಬಾದ ಸೀಮೆಯಲ್ಲಿಯೂ ಎತ್ತಿನ ಜೋಡಿಗಳು ವಿರಳವಾಗಿ, ಒಕ್ಕಲುತನವು ಬಹುಮಟ್ಟಿಗೆ ಟ್ರ್ಯಾಕ್ಟರನ್ನೇ ನೆಚ್ಚಿಕೊಂಡಿರುವುದು ಗ್ರಾಮದ ಮುಖಂಡರಿಗೂ ಭೂಮಾಲಿಕರಿಗೂ ವಿದಿತವಾದ ವಿಷಯವೇ ಆಗಿದೆ. ಮೃಗಶಿರಾ ಮಳೆಯು ಸುರಿದು ಎರೆನೆಲವು ಹದಕ್ಕೆ ಬಂದಿತೆಂದರೆ ಸೋಯಾ, ಉದ್ದು, ಹೆಸರು, ತೊಗರಿಗಳ ಬಿತ್ತನೆಯು ಕೆಲವೇ ದಿನಗಳಲ್ಲಿ ತೀರಬೇಕು. ಆ ದಿನಗಳಲ್ಲಿ ಯಂತ್ರವು ಕೆಟ್ಟು ನಿಂತರೆ ಅದರ ಒಡೆಯನಿಗೆ ಬಾಡಿಗೆಯಷ್ಟೇ ನಷ್ಟ. ಸರದಿಗಾಗಿ ಕಾದಿರುವ ಎರಡೆಕರೆಯ ರೈತನಿಗೆ ಹದವೇ ನಷ್ಟ.

2014-15ನೆಯ ಸಾಲಿನಲ್ಲಿ ರಾಜ್ಯ ಸರ್ಕಾರವು ಕೃಷಿ ಯಂತ್ರಧಾರೆ ಎಂಬ ಹೆಸರಿನಿಂದ ಹೋಬಳಿ ಮಟ್ಟದಲ್ಲಿ ಬಾಡಿಗೆ ಯಂತ್ರಗಳ ಕೇಂದ್ರಗಳನ್ನು ತೆರೆಯಲಾರಂಭಿಸಿತು. ಆ ಮೊದಲ ವರ್ಷಗಳಲ್ಲಿ ಕೊಂಡ ಯಂತ್ರಗಳಿಗೆ ಈಗ ಹತ್ತು ವರ್ಷ ತುಂಬಿದೆ. ಕೊಳ್ಳುವಾಗ ಸಹಾಯಧನವುಂಟು, ಕೊಂಡುದನ್ನು ಕಾಪಾಡುವ ಎಣ್ಣೆ, ಗ್ರೀಸು, ಫಿಲ್ಟರುಗಳ ವೆಚ್ಚವನ್ನು ಮಾತ್ರ ಇಟ್ಟುಕೊಂಡವನೇ ಭರಿಸಬೇಕು. ಹೀಗಾಗಿಯೇ ಹೊಸತನ್ನು ತರುವ ಉತ್ಸಾಹವು ಹಳೆಯದನ್ನು ಉಳಿಸುವುದರಲ್ಲಿ ಕಾಣಬರುತ್ತಿಲ್ಲ.

ಹಳೆಯ ಯಂತ್ರವೆಂದರೆ ಕೆಲಸಕ್ಕೆ ಬಾರದ್ದೆಂದು ಎಣಿಸಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಸೈನ್ಯವು ಬಿಟ್ಟುಹೋದ ಟ್ರ್ಯಾಕ್ಟರುಗಳನ್ನೇ ದುರಸ್ತಿಗೊಳಿಸಿ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆಯು ಕಾಂಸ ಹುಲ್ಲಿನಿಂದ ಹಾಳುಬಿದ್ದ ಭೂಮಿಯನ್ನು ಉತ್ತು ಸಾಗುವಳಿಗೆ ತಂದಿತು. ಯಂತ್ರದ ಆಯುಷ್ಯವನ್ನು ಅದು ದುಡಿದ ಗಂಟೆಗಳಿಂದಲೂ, ಆ ಗಂಟೆಗಳಿಗೆ ತಕ್ಕಂತೆ ದೊರೆತ ಆರೈಕೆಯಿಂದಲೂ ಅಳೆಯತಕ್ಕದ್ದು.

ನಮ್ಮಲ್ಲಿ ರೂಢಿಯು ಬೇರೆ. ಯುಗಾದಿಗೊಮ್ಮೆ ಎಣ್ಣೆ ಬದಲಿಸುವುದು, ಮಹಾನವಮಿಗೊಮ್ಮೆ ತೊಳೆದು ಕುಂಕುಮವಿಟ್ಟು ಗಾಲಿಯ ಕೆಳಗೆ ನಿಂಬೆಹಣ್ಣಿಡುವುದು. ಪೂಜೆಯನ್ನು ಬೇಡವೆನ್ನುವವರು ನಾವಲ್ಲ. ಆದರೆ ಇಂಜಿನಿಗೆ ಪಂಚಾಂಗವು ತಿಳಿಯದು. ಅನೇಕ ಟ್ರ್ಯಾಕ್ಟರುಗಳಿಗೆ ಸುಮಾರು 250 ಗಂಟೆಗೊಮ್ಮೆ ಇಂಜಿನ್ ಎಣ್ಣೆಯನ್ನು ಬದಲಿಸಬೇಕೆಂಬ ನಿಯಮವಿದೆ. ಖಚಿತವಾದ ಅವಧಿಯನ್ನು ಆಯಾ ಯಂತ್ರದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ದಿನಕ್ಕೆ 10 ಗಂಟೆ ದುಡಿದರೆ ಆ ಅವಧಿಯು 25 ದಿನಗಳಲ್ಲಿಯೇ ತೀರುವುದು. ರಾಶಿಯ ಕಾಲದಲ್ಲಿ ಏಳುವ ಹೊಟ್ಟು ಧೂಳುಗಳಿಂದ ಗಾಳಿಯ ಫಿಲ್ಟರು ಕಟ್ಟಿಕೊಂಡು ಇಂಜಿನಿಗೆ ಉಸಿರು ಸಾಲದೆ ಕಪ್ಪು ಹೊಗೆಯೇಳುವುದು, ಡೀಸೆಲ್ ಹೆಚ್ಚು ಉರಿಯುವುದು. ಫಿಲ್ಟರು ಹರಿದಿದ್ದರಂತೂ ಒಳಹೊಕ್ಕ ಧೂಳು ಪಿಸ್ಟನ್ನಿನ ಉಂಗುರಗಳನ್ನು ಅರದಂತೆ ಉಜ್ಜಿ ಸವೆಸುವುದು. ಬಿತ್ತುವ ಕೂರಿಗೆ ಯಂತ್ರದಲ್ಲಿ ಗೊಬ್ಬರವನ್ನು ಉಳಿಸಿಟ್ಟರೆ ಅದು ತೇವವನ್ನೆಳೆದು ಕಬ್ಬಿಣಕ್ಕೆ ತುಕ್ಕು ತರುವುದು. ಸೋಯಾ ರಾಶಿಯ ಯಂತ್ರದ ವಿಷಯದಲ್ಲಿ ಇನ್ನೂ ಎಚ್ಚರವು ಬೇಕು. ಸೋಯಾ ಬೀಜದ ಸಿಪ್ಪೆಯು ಬಹು ತೆಳು. ಡ್ರಮ್ಮಿನ ವೇಗವು ಮಿತಿಮೀರಿದರೆ ಕಾಳು ಹೊರಗೆ ಚೆನ್ನಾಗಿಯೇ ಕಂಡರೂ ಒಳಗೆ ಪೆಟ್ಟುತಿಂದು ಮುಂದಿನ ವರ್ಷ ಮೊಳೆಯದು. ಮನೆಯ ಬೀಜವನ್ನೇ ಬಿತ್ತುವ ರೈತನು ಆಗ ಮಳೆಯನ್ನೂ ನೆಲವನ್ನೂ ನಿಂದಿಸುತ್ತಾನೆ. ಹಿಂದಿನ ವರ್ಷದ ಡ್ರಮ್ಮನ್ನು ಯಾರೂ ನೆನೆಯುವುದಿಲ್ಲ.

ಒಂದು ಟ್ರ್ಯಾಕ್ಟರುಳ್ಳವನು ಇವನ್ನೆಲ್ಲ ನೆನಪಿನಲ್ಲಿಟ್ಟಾನು. ಹತ್ತಾರು ಯಂತ್ರಗಳು, ನಾಲ್ಕಾರು ಚಾಲಕರು, ಊರೂರಿಗೆ ಓಡಾಟ — ಇಷ್ಟಿರುವ ಕೇಂದ್ರಕ್ಕೆ ನೆನಪು ಸಾಲದು. ಇದಕ್ಕಾಗಿಯೇ ಪಾಲನೆಯ ಲೆಕ್ಕವಿಡುವ ಸಾಫ್ಟ್‌ವೇರ್‌ಗಳು ಬಂದಿವೆ. ಪ್ರತಿಯೊಂದು ಯಂತ್ರಕ್ಕೂ ಒಂದು ಖಾತೆ; ಸಂಜೆ ಚಾಲಕನು ಗಂಟೆಯ ಮೀಟರನ್ನು ನೋಡಿ ಅಂಕಿಯನ್ನು ಮೊಬೈಲಿನಲ್ಲಿ ಬರೆಯುತ್ತಾನೆ; ಎಣ್ಣೆ, ಫಿಲ್ಟರು, ಪಟ್ಟಿಗಳ ಅವಧಿಯು ಸಮೀಪಿಸಿದಾಗ ಅದು ಮುಂಚಿತವಾಗಿ ಎಚ್ಚರಿಸುವುದು. ಯಾವ ಬೇರಿಂಗು ಎಷ್ಟು ಸಲ ಮುರಿಯಿತು, ಯಾವ ಯಂತ್ರಕ್ಕೆ ಎಷ್ಟು ಹಣ ಹೋಯಿತು ಎಂಬುದು ವರ್ಷಾಂತ್ಯಕ್ಕೆ ಒಂದೇ ಪುಟದಲ್ಲಿ ಕಾಣುವುದು. ಮಾರಬೇಕಾದ ಯಂತ್ರಕ್ಕೂ ಇನ್ನು ಐದು ವರ್ಷ ದುಡಿಸಬಹುದಾದ ಯಂತ್ರಕ್ಕೂ ಇರುವ ಭೇದವು ಈ ಪುಟದಿಂದ ತಿಳಿಯುವಷ್ಟು ಬಣ್ಣದಿಂದ ತಿಳಿಯದು. ದುಬಾರಿ ಸಾಫ್ಟ್‌ವೇರ್ ಬೇಕೆಂದೇನೂ ಇಲ್ಲ. ಚಿಕ್ಕ ಕೇಂದ್ರಕ್ಕೆ ಕಂಪ್ಯೂಟರಿನ ಒಂದು ಲೆಕ್ಕಪಟ್ಟಿ, ಅದೂ ಇಲ್ಲದಿದ್ದರೆ ಕಿರ್ದಿಯ ಪುಸ್ತಕವೇ ಸಾಕು.

ಇದರಲ್ಲಿ ಒಂದು ತೊಡಕುಂಟು. ಎಕರೆಗಿಷ್ಟೆಂದು ಕೂಲಿ ಪಡೆಯುವ ಚಾಲಕನಿಗೆ ಯಂತ್ರವನ್ನು ನಿಲ್ಲಿಸಿ ಗ್ರೀಸು ಹಾಕುವ ಅರ್ಧ ಗಂಟೆಯು ಕೈಬಿಟ್ಟ ಸಂಪಾದನೆಯೇ ಸರಿ. ಅವನು ಸುಳ್ಳು ಅಂಕಿಯನ್ನು ಬರೆದರೆ ಎಂತಹ ಸಾಫ್ಟ್‌ವೇರ್ ಆದರೂ ಅದನ್ನೇ ನಿಜವೆಂದು ಒಪ್ಪಿಕೊಳ್ಳುವುದು. ಆದುದರಿಂದ ಪಾಲನೆಯ ಹೊತ್ತಿಗೂ ಕೂಲಿಯನ್ನು ಕಟ್ಟಿಕೊಡತಕ್ಕದ್ದು. ಬಾಡಿಗೆಯ ಹಣದಲ್ಲಿ ಗೊತ್ತಾದ ಒಂದು ಪಾಲನ್ನು ದುರಸ್ತಿಗೆಂದು ಬೇರೆ ತೆಗೆದಿಡತಕ್ಕದ್ದು. ಇವೆರಡೂ ಇಲ್ಲದೆ ಸಾಫ್ಟ್‌ವೇರನ್ನು ಮಾತ್ರ ತರುವುದು ವ್ಯರ್ಥವೆಂದು ನಮ್ಮ ಅಭಿಪ್ರಾಯ.

ಗ್ರಾಮದ ಮುಖಂಡರು ಮೇ ತಿಂಗಳಿನಲ್ಲಿಯೇ ತಮ್ಮ ಹೋಬಳಿಯ ಬಾಡಿಗೆ ಕೇಂದ್ರಕ್ಕೂ, ಬಾಡಿಗೆಗೆ ಟ್ರ್ಯಾಕ್ಟರು ಬಿಡುವ ಭೂಮಾಲಿಕರಲ್ಲಿಗೂ ಹೋಗಿ, ಪ್ರತಿ ಯಂತ್ರದ ಮೀಟರಿನ ಅಂಕಿಯನ್ನೂ ಕಳೆದ ಸಲ ಎಣ್ಣೆ ಬದಲಿಸಿದಾಗಿನ ಅಂಕಿಯನ್ನೂ ಕೇಳಿ ಬರೆದುಕೊಳ್ಳಬೇಕೆಂದು ಸೂಚಿಸುತ್ತೇವೆ. ಎರಡನೆಯ ಅಂಕಿಯನ್ನು ಹೇಳಲಾರದ ಯಂತ್ರವನ್ನು ಮಳೆ ಬೀಳುವ ಮೊದಲೇ ಮೇಸ್ತ್ರಿಯ ಬಳಿಗೆ ಕಳುಹಿಸಲು ಆಗ ಇನ್ನೂ ಸಮಯವಿರುತ್ತದೆ.